ಎರಡು ಷರತ್ತುಗಳ ಒಪ್ಪಿಗೆ: ಪ್ರೊ. ಸತೀಶ್ ಧವನ್

ಫೋರ್ಟ್ ಕೊಚ್ಚಿಯಿಂದ ಕರಾವಳಿಗುಂಟ ದಕ್ಷಿಣಕ್ಕೆ ಸಾಗಿದರೆ ತಿರುವನಂತಪುರ ನಗರಕ್ಕೆ ತುಸು ಮೊದಲು ತುಂಬಾ ಎಂಬ ಮೀನುಗಾರರ ಊರು ಸಿಗುತ್ತದೆ. 1963ರ ನವೆಂಬರ್ 21ರಂದು ಇಲ್ಲಿಂದ ಮೊದಲ ಶೋಧನಾ ರಾಕೆಟ್ ಹಾರಿತು. ಅಲ್ಲಿನ ಇಗರ್ಜಿಯೇ ಆಗ ವಿಜ್ಞಾನಿಗಳ ಕಚೇರಿಯಾಗಿತ್ತು. ಈ ಕಾರ್ಯದ ರೂವಾರಿ ಡಾ. ವಿಕ್ರಮ್ ಸಾರಾಭಾಯಿ 1971ರ ಡಿಸೆಂಬರ್ 30ರಂದು ತಿರುವನಂತಪುರದ ಬಳಿಯ ಕೋವಳಂನಲ್ಲಿ ಹಠಾತ್ತನೆ ನಿಧನರಾದರು. ಅವರಿಗೆ ಆಗ ಕೇವಲ 52 ವರ್ಷ.

ತೆರವಾದ ಆ ಸ್ಥಾನಕ್ಕೆ ಪ್ರಧಾನಿ ಇಂದಿರಾ ಗಾಂಧಿಯವರು ಆರಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕ ಪ್ರೊ. ಸತೀಶ್ ಧವನ್ ಅವರನ್ನು. ಆದರೆ ಧವನ್ ಆಗ ದೇಶದಲ್ಲಿರಲಿಲ್ಲ. ಒಂದು ವರ್ಷದ ಅಧ್ಯಯನ ರಜೆಯ ಮೇಲೆ ಅಮೆರಿಕದ ಕ್ಯಾಲಿಫೋರ್ನಿಯಾ ತಾಂತ್ರಿಕ ಸಂಸ್ಥೆಯಲ್ಲಿದ್ದರು.

ಆ ಸಂಸ್ಥೆ ಅವರಿಗೆ ಹೊಸದಲ್ಲ. 1920ರಲ್ಲಿ ಶ್ರೀನಗರದಲ್ಲಿ ಹುಟ್ಟಿದ ಧವನ್, ಗಣಿತ, ಇಂಗ್ಲಿಷ್ ಸಾಹಿತ್ಯ, ಯಂತ್ರಶಾಸ್ತ್ರಗಳನ್ನು ಓದಿ, ಅಲ್ಲಿಯೇ 1951ರಲ್ಲಿ ವೈಮಾನಿಕ ವಿಜ್ಞಾನದ ಡಾಕ್ಟರೇಟ್ ಪಡೆದಿದ್ದರು. ಅಂಥ ಪದವೀಧರರಿಗೆ ಅಮೆರಿಕದಲ್ಲಿ ಬಾಗಿಲುಗಳು ತೆರೆದಿದ್ದ ಕಾಲವದು. ಆದರೂ ಅದೇ ವರ್ಷ ಅವರು ಬೆಂಗಳೂರಿಗೆ ಬಂದು ಸಾಮಾನ್ಯ ಹುದ್ದೆಯೊಂದರಿಂದ ಕೆಲಸ ಆರಂಭಿಸಿದರು. ದೇಶದ ಮೊದಲ ಶಬ್ದಾತೀತ ಗಾಳಿ ಸುರಂಗವನ್ನು ಇಲ್ಲಿ ಕಟ್ಟಿದರು.

ಈಗ ದೇಶದ ಅತ್ಯುನ್ನತ ಹುದ್ದೆಗಳಲ್ಲೊಂದು ತಾನಾಗಿ ಬಂದಿತ್ತು. ಬೇರೆಯವರಾಗಿದ್ದರೆ ಮರುದಿನವೇ ವಿಮಾನ ಹತ್ತುತ್ತಿದ್ದರೇನೋ. ಧವನ್ ಹಾಗೆ ಮಾಡಲಿಲ್ಲ. ಒಪ್ಪಿಗೆಯ ಜೊತೆಗೆ ಎರಡು ಷರತ್ತುಗಳನ್ನಿಟ್ಟರು. ಬಾಹ್ಯಾಕಾಶ ಕಾರ್ಯಕ್ರಮದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು. ವಿಜ್ಞಾನ ಸಂಸ್ಥೆಯ ನಿರ್ದೇಶಕತ್ವವನ್ನೂ ತಾವು ಉಳಿಸಿಕೊಳ್ಳಬೇಕು. ಇದಲ್ಲದೆ, ಅಮೆರಿಕದಲ್ಲಿ ಕೈಗೊಂಡ ಕೆಲಸವನ್ನು ಮುಗಿಸಿಯೇ ಬರುವುದಾಗಿ ತಿಳಿಸಿದರು. ಸರ್ಕಾರ ಒಪ್ಪಿತು. ಅಲ್ಲಿಯವರೆಗೆ ಪ್ರೊ. ಎಂ.ಜಿ.ಕೆ. ಮೆನನ್ ಹೊಣೆ ಹೊತ್ತರು. 1972ರ ಸೆಪ್ಟೆಂಬರ್‌ನಲ್ಲಿ ಧವನ್ ಅಧಿಕಾರ ವಹಿಸಿಕೊಂಡರು.

ಮೇಲ್ನೋಟಕ್ಕೆ ಇದು ಹಟವೆನಿಸಬಹುದು. ನಾವು ಕಾಣುವುದು ಬೇರೆ. ಹೊಸ ಗೌರವಕ್ಕಾಗಿ ಹಳೆಯ ಮಾತನ್ನು ಮುರಿಯಬಾರದು ಎಂಬುದೇ ಅವರ ತೂಕದ ಕಲ್ಲಾಗಿತ್ತು. ಅತ್ತ ಒಪ್ಪಿಕೊಂಡ ವಿದೇಶದ ಕೆಲಸ, ಇತ್ತ ಇಪ್ಪತ್ತು ವರ್ಷ ಬೆಳೆಸಿದ ಸಂಸ್ಥೆ; ಎರಡನ್ನೂ ಅವರು ಕೈಬಿಡಲಿಲ್ಲ. ಅದರ ಫಲ ನಮ್ಮ ನಾಡಿಗೂ ದಕ್ಕಿತು. ಭಾರತದ ಮೊದಲ ಉಪಗ್ರಹ ಆರ್ಯಭಟ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾಗಿ 1975ರ ಏಪ್ರಿಲ್ 19ರಂದು ಕಕ್ಷೆ ಸೇರಿತು.

ಹುದ್ದೆಯೆಂದರೆ ಹೊಣೆಯೆಂದು ಅವರು ಬಗೆದದ್ದಕ್ಕೆ ತಿರುವನಂತಪುರದ ತಂಡವೇ ಸಾಕ್ಷಿ. ಅಲ್ಲಿ ಡಾ. ಅಬ್ದುಲ್ ಕಲಾಂ ನೇತೃತ್ವದಲ್ಲಿ ರೂಪುಗೊಂಡ ಎಸ್‌ಎಲ್‌ವಿ-3 ರಾಕೆಟ್ 1979ರ ಆಗಸ್ಟ್ 10ರಂದು ಸಮುದ್ರಕ್ಕೆ ಬಿದ್ದಾಗ ಪತ್ರಕರ್ತರೆದುರು ಸೋಲನ್ನು ಹೊತ್ತವರು ಧವನ್. 1980ರ ಜುಲೈ 18ರಂದು ಅದೇ ರಾಕೆಟ್ ಗೆದ್ದಾಗ ಅವರು ಮುಂದೆ ಕಳುಹಿಸಿದ್ದು ಕಲಾಂ ಅವರನ್ನು.

1981ರವರೆಗೆ ವಿಜ್ಞಾನ ಸಂಸ್ಥೆಯನ್ನೂ 1984ರವರೆಗೆ ಇಸ್ರೋವನ್ನೂ ನಡೆಸಿದ ಅವರು 2002ರ ಜನವರಿ 3ರಂದು ಬೆಂಗಳೂರಿನಲ್ಲಿ ಕಣ್ಮುಚ್ಚಿದರು. ಶ್ರೀಹರಿಕೋಟಾದ ಉಡಾವಣಾ ಕೇಂದ್ರ ಇಂದು ಅವರ ಹೆಸರನ್ನು ಹೊತ್ತಿದೆ. ಊರಿನ ಕರೆ, ವಿದೇಶದ ಯೋಜನೆಗಳ ನಡುವೆ ತೊಳಲಾಡುವ ನಮ್ಮ ಮನೆಯ ಮಕ್ಕಳು ಹುದ್ದೆಯ ಎತ್ತರವನ್ನಷ್ಟೇ ನೋಡದೆ, ತಾವು ಕೊಟ್ಟ ಮಾತನ್ನೂ ತಕ್ಕಡಿಯಲ್ಲಿಡಲಿ. ಧವನ್ ಅವರಿಗೆ ನಾವು ಸಲ್ಲಿಸಬಹುದಾದ ಗೌರವ ಅದೇ.