ಸರ್ ಹರ್ಬರ್ಟ್ ಬೇಕರ್ ಸಾಹೇಬರು

ದಿಲ್ಲಿಯ ವರ್ತುಲಾಕಾರದ ಹಳೆಯ ಸಂಸದ್ ಭವನದ ಚಿತ್ರವನ್ನು ಕಾಣದವರು ನಮ್ಮ ವಾಚಕರಲ್ಲಿ ವಿರಳ. ಅದನ್ನು ನಿರ್ಮಿಸಿದ ಶಿಲ್ಪಿಯ ಚರಿತ್ರೆಯನ್ನು ಬಲ್ಲವರೂ ಅಷ್ಟೇ ವಿರಳ. 2023ನೆಯ ಇಸವಿಯಲ್ಲಿ ನಮ್ಮ ಪಾರ್ಲಿಮೆಂಟು ಹೊಸ ಮಂದಿರಕ್ಕೆ ತೆರಳಿ, ಹಳೆಯದಕ್ಕೆ ಸಂವಿಧಾನ ಸದನವೆಂಬ ನಾಮಕರಣವಾಯಿತು. ಪರರಾಜ್ಯವು ಬಿಟ್ಟುಹೋದ ಕಟ್ಟಡವನ್ನು ಸ್ವತಂತ್ರ ಜನಾಂಗವು ಯಾವ ಭಾವದಿಂದ ಕಾಣತಕ್ಕದ್ದು? ಈ ಪ್ರಶ್ನೆಯನ್ನು ವಿಚಾರಿಸುವವರು ಬೇಕರ್ ಸಾಹೇಬರ ಜೀವಿತವನ್ನು ಒಮ್ಮೆ ಪರಾಮರ್ಶಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

ಇವರು 1862ರ ಜೂನ್ 9ರಂದು ಇಂಗ್ಲೆಂಡಿನ ಕೆಂಟ್ ಪ್ರಾಂತದ ಕಾಬ್‌ಹ್ಯಾಮ್ ಗ್ರಾಮದಲ್ಲಿ ಜನಿಸಿದರು. ಲಂಡನ್ನಿನಲ್ಲಿ ಅರ್ನೆಸ್ಟ್ ಜಾರ್ಜ್ ಎಂಬ ಶಿಲ್ಪಿಯ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದಾಗ ಎಡ್ವಿನ್ ಲಟ್ಯೆನ್ಸ್ ಎಂಬ ತರುಣನ ಸ್ನೇಹವಾಯಿತು. 1892ರಲ್ಲಿ ದಕ್ಷಿಣ ಆಫ್ರಿಕೆಗೆ ಹೋದ ಬೇಕರರಿಗೆ ಸಾಮ್ರಾಜ್ಯವಿಸ್ತಾರದ ಧುರೀಣನಾದ ಸೆಸಿಲ್ ರೋಡ್ಸನ ಆಶ್ರಯ ದೊರೆಯಿತು. ರೋಡ್ಸನು ತನ್ನ ಮನೆಯನ್ನು ಅವರಿಂದ ಪುನಃ ಕಟ್ಟಿಸಿದ್ದಲ್ಲದೆ, ಪ್ರಾಚೀನ ಶಿಲ್ಪವನ್ನು ಅಭ್ಯಸಿಸಲು ಅವರನ್ನು ತನ್ನ ಖರ್ಚಿನಿಂದ ಗ್ರೀಸ್, ಇಟಲಿ ದೇಶಗಳಿಗೆ ಕಳುಹಿಸಿದನು. ಕಲ್ಲಿನ ಮೂಲಕ ಸಾಮ್ರಾಜ್ಯದ ಗೌರವವನ್ನು ಸ್ಥಿರಪಡಿಸಬೇಕೆಂಬ ಶ್ರದ್ಧೆಯು ಬೇಕರರಲ್ಲಿ ಕಡೆಯವರೆಗೂ ಅಳಿಯಲಿಲ್ಲ. ಪ್ರಿಟೋರಿಯಾದಲ್ಲಿ 1910ರಿಂದ 1913ರವರೆಗೆ ಅವರು ಕಟ್ಟಿಸಿದ ಯೂನಿಯನ್ ಬಿಲ್ಡಿಂಗ್ಸಿನ ಎರಡು ಪಾರ್ಶ್ವಗಳು ಆಂಗ್ಲರನ್ನೂ ಬೋಯರರನ್ನೂ ಸೂಚಿಸುತ್ತವೆ. ನೆಲದ ಮಕ್ಕಳಾದ ಆಫ್ರಿಕನ್ನರಿಗೆ ಆ ಐಕ್ಯದಲ್ಲಿ ಸ್ಥಾನವಿರಲಿಲ್ಲ.

1911ರ ದಿಲ್ಲಿ ದರ್ಬಾರಿನಲ್ಲಿ ರಾಜಧಾನಿಯ ಬದಲಾವಣೆಯು ಘೋಷಿತವಾದ ತರುವಾಯ ಲಟ್ಯೆನ್ಸರಿಗೆ ವೈಸರಾಯರ ಭವನವೂ ಬೇಕರರಿಗೆ ಸೆಕ್ರೆಟೇರಿಯಟ್ ಕಟ್ಟಡಗಳೂ ವಹಿಸಲ್ಪಟ್ಟವು. ರೈಸಿನಾ ಗುಡ್ಡದ ಏರಿನಿಂದ ವೈಸರಾಯರ ಭವನವು ದೂರದಿಂದ ಮರೆಯಾಗುವುದೆಂಬ ಕಾರಣಕ್ಕೆ ಹಳೆಯ ಸ್ನೇಹಿತರಿಬ್ಬರಲ್ಲಿ ಘೋರವಾದ ಮನಸ್ತಾಪ ಹುಟ್ಟಿತು.

ಮೊದಲ ಯೋಜನೆಯಲ್ಲಿ ಶಾಸನಸಭೆಗೆಂದು ಪ್ರತ್ಯೇಕ ಮಂದಿರವೇ ಇರಲಿಲ್ಲ. ವೈಸರಾಯರ ಭವನದೊಳಗಣ ಒಂದು ಶಾಲೆಯೇ ಸಾಕೆಂದು ಸರಕಾರವು ತಿಳಿದಿತ್ತು. ಪ್ರಜೆಗಳ ಸಭೆಗೆ ಪ್ರಭುವಿನ ಮನೆಯಲ್ಲಿ ಒಂದು ಕೋಣೆ! 1919ರ ಮಾಂಟೆಗ್ಯೂ-ಚೆಮ್ಸ್‌ಫರ್ಡ್ ಸುಧಾರಣೆಗಳಿಂದ ಸಭೆಗಳು ಎರಡಾಗಿ ಸದಸ್ಯರ ಸಂಖ್ಯೆಯು ಹೆಚ್ಚಲು ಬೇರೆ ಕಟ್ಟಡವು ಅನಿವಾರ್ಯವಾಯಿತು. ಬೇಕರರು ತ್ರಿಕೋನಾಕಾರದ ನಕ್ಷೆಯನ್ನು ಸಿದ್ಧಪಡಿಸಿದರು; ಲಟ್ಯೆನ್ಸರು ವರ್ತುಲಾಕಾರವೇ ಆಗಬೇಕೆಂದು ಹಠ ಹಿಡಿದು ಗೆದ್ದರು. ಸೋತ ಬೇಕರರು ಎದುರಾಳಿಯ ಆಕಾರವನ್ನೇ ಅಂಗೀಕರಿಸಿ ಕೆಲಸವನ್ನು ನಿಷ್ಠೆಯಿಂದ ಪೂರೈಸಿದರೆಂಬುದು ಸ್ಮರಣೀಯವಾಗಿದೆ.

1921ರ ಫೆಬ್ರವರಿ 12ರಂದು ಕನಾಟ್ ಡ್ಯೂಕರು ಅಸ್ತಿಭಾರವನ್ನು ಹಾಕಿದರು. ಸುಮಾರು 83 ಲಕ್ಷ ರೂಪಾಯಿಗಳ ವೆಚ್ಚದಲ್ಲಿ ಮುಗಿದ ಭವನವನ್ನು 1927ರ ಜನವರಿ 18ರಂದು ಲಾರ್ಡ್ ಇರ್ವಿನ್ನರು ತೆರೆದರು. ಅದರ ವ್ಯಾಸವು 560 ಅಡಿ, ಹೊರ ಮೊಗಸಾಲೆಯ ಕಂಬಗಳು 144, ಒಂದೊಂದರ ಎತ್ತರವು 27 ಅಡಿ, ದ್ವಾರಗಳು 12. ಕಂಬಗಳ ಸಾಲು ರೋಮ್ ಗ್ರೀಸುಗಳದ್ದಾದರೂ ಕಲ್ಲಿನ ಜಾಲಂದರಗಳೂ ಬಿಸಿಲು ತಡೆಯುವ ಸೂರುಗಳೂ ನಮ್ಮ ದೇಶದವು. ಒಳಗೆ ಶಾಸನಸಭೆ, ರಾಜ್ಯಪರಿಷತ್ತು, ನರೇಂದ್ರ ಮಂಡಲಗಳಿಗೆ ಮೂರು ಶಾಲೆಗಳು. ನಡುವೆ ಗುಮ್ಮಟದ ಕೆಳಗೆ ಪುಸ್ತಕಭಂಡಾರ. ಕಲ್ಲು ಕಡಿದು ಹೊತ್ತ ಸಹಸ್ರಾರು ಕೂಲಿಕಾರರ ಹೆಸರು ಅಲ್ಲಿ ಎಲ್ಲಿಯೂ ಕೆತ್ತಲ್ಪಡಲಿಲ್ಲವೆಂಬುದನ್ನೂ ನಾವು ಮರೆಯಬಾರದು. ಆದರೆ ಸೆಕ್ರೆಟೇರಿಯಟ್ಟಿನ ಉತ್ತರ ಭಾಗದ ಗೋಡೆಯಲ್ಲಿ, ಸ್ವಾತಂತ್ರ್ಯವನ್ನು ಅನುಭವಿಸುವ ಮುನ್ನ ಅದಕ್ಕೆ ಅರ್ಹರಾಗಬೇಕೆಂಬ ಅರ್ಥದ ಬುದ್ಧಿವಾದವೊಂದು ನಮಗಾಗಿ ಕೆತ್ತಲ್ಪಟ್ಟಿತು!

ಕಟ್ಟಡವು ತೆರೆದು ಎರಡೇ ವರ್ಷಗಳಲ್ಲಿ, 1929ರ ಏಪ್ರಿಲ್ 8ರಂದು, ಭಗತ್ ಸಿಂಗ್ ಮತ್ತು ಬಟುಕೇಶ್ವರ ದತ್ತರು ಎಸೆದ ಬಾಂಬುಗಳ ಶಬ್ದವು ಆ ಗೋಡೆಗಳಲ್ಲಿ ಪ್ರತಿಧ್ವನಿಸಿತು. ಲಂಡನ್ನಿನಲ್ಲಿ ಇಂಡಿಯಾ ಹೌಸ್ ಮೊದಲಾದುವನ್ನು ಕಟ್ಟಿಸಿದ ಬೇಕರರು 1946ರ ಫೆಬ್ರವರಿ 4ರಂದು ಸ್ವಗ್ರಾಮದಲ್ಲಿಯೇ ಕಾಲವಾದರು. ಹತ್ತು ತಿಂಗಳು ಕಳೆದು, ಡಿಸೆಂಬರ್ 9ರಂದು, ಅವರ ಪುಸ್ತಕಭಂಡಾರದ ಶಾಲೆಯಲ್ಲಿಯೇ ರಾಜ್ಯಾಂಗ ರಚನಾಸಭೆಯು ಕುಳಿತಿತು. ನಮ್ಮ ಮಂಗಳೂರಿನಲ್ಲಿ ಜನಿಸಿದ ಬೆನೆಗಲ್ ನರಸಿಂಗರಾಯರು ಅದಕ್ಕೆ ಸಲಹೆಗಾರರಾಗಿದ್ದರು. ನರೇಂದ್ರ ಮಂಡಲದ ಶಾಲೆಯಲ್ಲಿ 1950ರಿಂದ 1958ರವರೆಗೆ ಸುಪ್ರೀಂ ಕೋರ್ಟು ನ್ಯಾಯ ವಿಚಾರಿಸಿತು. ಪ್ರಿಟೋರಿಯಾದ ಕಟ್ಟಡದಲ್ಲಿಯೂ 1994ರ ಮೇ 10ರಂದು ನೆಲ್ಸನ್ ಮಂಡೇಲಾರವರು ಅಧ್ಯಕ್ಷಪದದ ಪ್ರಮಾಣವಚನವನ್ನು ಸ್ವೀಕರಿಸಿದರು. ಸಾಮ್ರಾಜ್ಯಕ್ಕಾಗಿ ಕಟ್ಟಿದ ಎರಡು ಮಂದಿರಗಳೂ ಪ್ರಜೆಗಳ ಪಾಲಾದವು.

ಬೇಕರರು ನಮ್ಮ ಮಿತ್ರರಾಗಿರಲಿಲ್ಲ. ಅವರ ಕೌಶಲ್ಯವನ್ನು ಹೊಗಳುವ ಭರದಲ್ಲಿ ಅವರ ಉದ್ದೇಶವನ್ನು ಮರೆಮಾಚಬೇಕಾಗಿಲ್ಲ. ಆದರೆ ಉದ್ದೇಶವನ್ನು ದ್ವೇಷಿಸಿ ಕಟ್ಟಡವನ್ನು ಅಲಕ್ಷಿಸುವುದೂ ವಿವೇಕವಲ್ಲ. ಅಲ್ಲಿ ಆಂಗ್ಲರು ಕುಳಿತದ್ದು ಇಪ್ಪತ್ತು ವರ್ಷ. ನಮ್ಮ ಪ್ರತಿನಿಧಿಗಳು ಕುಳಿತದ್ದು ಎಪ್ಪತ್ತಾರು ವರ್ಷ. ಆ ಎಪ್ಪತ್ತಾರು ವರ್ಷಗಳ ಚರಿತ್ರೆಯು ನಮ್ಮದೇ ಆಗಿರುವುದರಿಂದ ಅದನ್ನು ಕಾಪಾಡುವ ಭಾರವೂ ನಮ್ಮದೇ. ಹೊಸ ಭವನಕ್ಕೆ ತೆರಳಿದ ಸದಸ್ಯರು ಹಳೆಯದರಿಂದ ಕುರ್ಚಿಗಳನ್ನಲ್ಲ, ಪ್ರತಿಪಕ್ಷದ ಮಾತನ್ನು ಕೇಳುವ ತಾಳ್ಮೆಯನ್ನು ಕೊಂಡೊಯ್ದಿದ್ದರೆ, ಎರಡು ಭವನಗಳೂ ಸಾರ್ಥಕವೆಂದು ನಾವು ಹೇಳುವೆವು.