ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್

ಥಾಮಸ್ ಕ್ಯಾವರ್‌ಹಿಲ್ ಜೆರ್ಡನ್ (ಅಕ್ಟೋಬರ್ 12, 1811 – ಜೂನ್ 12, 1872) ಬ್ರಿಟಿಷ್ ವೈದ್ಯರು ಹಾಗೂ ಪ್ರಾಣಿಶಾಸ್ತ್ರಜ್ಞರು. ಭಾರತದ ಪಕ್ಷಿಗಳನ್ನು ಕುರಿತ ಕೃತಿಯಿಂದ ಪ್ರಸಿದ್ಧರಾದ ಇವರು ದಕ್ಷಿಣ ಭಾರತದ ಇರುವೆಗಳನ್ನು ಕ್ರಮವಾಗಿ ಪಟ್ಟಿ ಮಾಡಿದವರಲ್ಲಿ ಮೊದಲಿಗರು.

ಜೀವನ

ಜೆರ್ಡನ್ ಇಂಗ್ಲೆಂಡಿನ ಡರ್ಹಮ್ ಪ್ರಾಂತದಲ್ಲಿ ಜನಿಸಿದರು. ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಶಿಕ್ಷಣ ಪಡೆದು, 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಶಸ್ತ್ರವೈದ್ಯರಾಗಿ ನೇಮಕಗೊಂಡು, ಮರುವರ್ಷ ಮದರಾಸಿಗೆ ಬಂದರು. 1841ರಲ್ಲಿ ಫ್ಲೋರಾ ಮ್ಯಾಕ್ಲಿಯಾಡ್ ಅವರನ್ನು ವಿವಾಹವಾದರು. ಮುಂದೆ ನೆಲ್ಲೂರಿನಲ್ಲಿ ವೈದ್ಯರಾಗಿದ್ದಾಗ ಯಾನಾದಿ ಜನರಿಂದ ಹಕ್ಕಿಗಳ ಸ್ಥಳೀಯ ಹೆಸರುಗಳನ್ನು ಸಂಗ್ರಹಿಸಿದರು. ಅನಂತರ ಮಲಬಾರಿನ ತಲಶ್ಶೇರಿಯಲ್ಲಿ ಸೇವೆ ಸಲ್ಲಿಸಿದರು.

ಇರುವೆಗಳ ಪಟ್ಟಿ

ದಕ್ಷಿಣ ಭಾರತದ ಇರುವೆಗಳನ್ನು ಕುರಿತ ಇವರ ಪಟ್ಟಿ 1851ರಲ್ಲಿ ಮದರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. 1854ರಲ್ಲಿ ಲಂಡನ್ನಿನಲ್ಲಿ ಮರುಮುದ್ರಣಗೊಂಡಿತು. ನೆಗೆಯುವ ಇರುವೆ (ಹಾರ್ಪೆಗ್ನಾಥಸ್ ಸಾಲ್ಟೇಟರ್), ಮರದಲ್ಲಿ ವಾಸಿಸುವ ಕೆಂಪು-ಕಪ್ಪು ಬಣ್ಣದ ಟೆಟ್ರಾಪೊನೆರಾ ರೂಫೊನೈಗ್ರಾ, ಸಾಲುಗಟ್ಟಿ ಸಾಗುವ ಲೆಪ್ಟೊಜೆನಿಸ್ ಪ್ರೊಸೆಷನಾಲಿಸ್ ಮೊದಲಾದವುಗಳಿಗೆ ವೈಜ್ಞಾನಿಕ ಹೆಸರು ದೊರೆತದ್ದು ಇದರಲ್ಲಿಯೇ. ಇಂತಹ ಹೆಸರುಗಳ ಮುಂದೆ ಇಂದಿಗೂ 'ಜೆರ್ಡನ್, 1851' ಎಂದು ಬರೆಯುತ್ತಾರೆ. ಜಾತಿಯ ಹೆಸರು ಮುಂದೆ ಬದಲಾಗಿದ್ದರೆ ಇದನ್ನು ಆವರಣ ಚಿಹ್ನೆಯೊಳಗೆ ಹಾಕುವುದು ವಾಡಿಕೆ.

ಇವರು ವಿವರಿಸಿದ ಹಲವು ಇರುವೆಗಳ ಮೂಲ ಮಾದರಿಗಳು ಉಳಿದಿಲ್ಲ. ಆದುದರಿಂದ ಅವುಗಳನ್ನು ಗುರುತಿಸಲು ಇವರ ಬರಹವೇ ಆಧಾರವಾಗಿದೆ. 2010ರಲ್ಲಿ ಮೊತ್ತಮೊದಲು ಪೂರ್ಣ ಜೀನೋಮ್ ಪ್ರಕಟವಾದ ಎರಡು ಇರುವೆಗಳಲ್ಲಿ ಹಾರ್ಪೆಗ್ನಾಥಸ್ ಒಂದು.

ದೇಶೀಯ ಮತ್ತು ಹೊರನಾಡಿನ ಇರುವೆಗಳು

ಜೆರ್ಡನ್ ಹೊಸದೆಂದು ಹೆಸರಿಟ್ಟ 'ಅಟ್ಟಾ ರೂಫಾ' ವಾಸ್ತವವಾಗಿ ಅಮೆರಿಕ ಮೂಲದ ಬೆಂಕಿ ಇರುವೆ. ಫ್ಯಾಬ್ರಿಷಿಯಸ್ 1804ರಲ್ಲಿಯೇ ಇದನ್ನು ವಿವರಿಸಿದ್ದರು. ಈಗ ಇದರ ಹೆಸರು ಸೊಲೆನಾಪ್ಸಿಸ್ ಜೆಮಿನಾಟಾ. ಹಡಗಿನ ಸರಕಿನೊಡನೆ ಲೋಕಸಂಚಾರ ಮಾಡಿದ ಈ ಇರುವೆ 19ನೆಯ ಶತಮಾನದ ನಡುಭಾಗಕ್ಕೆ ಮೊದಲೇ ಭಾರತದಲ್ಲಿ ನೆಲೆಸಿತ್ತೆಂಬುದಕ್ಕೆ ಈ ಪಟ್ಟಿ ಸಾಕ್ಷಿ. ಇದೇ ಪಟ್ಟಿಯ ಮೊನೊಮೋರಿಯಂ ಫ್ಲೋರಿಕೋಲಾ ಏಷ್ಯಾ ಮೂಲದ್ದೆಂದು ಭಾವಿಸಲಾದ ಸಣ್ಣ ಇರುವೆ. ಅದು ಇಂದು ಉಷ್ಣವಲಯದಾದ್ಯಂತ ಹರಡಿದೆ. ಬಂದದ್ದೂ ಹೋದದ್ದೂ ಒಂದೇ ಪಟ್ಟಿಯಲ್ಲಿ ದಾಖಲಾಗಿವೆ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದಂತಹ ಬಯಲುಸೀಮೆಯ ಪ್ರದೇಶಗಳಲ್ಲಿ ಇರುವೆ, ಕಡಜಗಳನ್ನು ದಾಖಲಿಸುವವರಿಗೆ ಇದು ಮುಖ್ಯ ಪಾಠ. ಕಂಡ ಜೀವಿ ಎಷ್ಟೇ ಸಾಮಾನ್ಯವಾದರೂ ಅದರ ಸ್ಥಳ, ಕಾಲ, ಗೂಡು ಮತ್ತು ನಡವಳಿಕೆಯನ್ನು ಬರೆದಿಡದಿದ್ದರೆ, ದೇಶೀಯ ಯಾವುದು, ಹೊರಗಿನಿಂದ ಬಂದದ್ದು ಯಾವುದು ಎಂದು ಮುಂದಿನವರು ನಿರ್ಣಯಿಸಲಾರರು. ಇರುವೆಗಳ ಜೊತೆಗೆ ಕಡಜಗಳನ್ನೂ ಒಳಗೊಂಡ ಸಮಗ್ರ ಗ್ರಂಥಗಳು ಬಂದದ್ದು ಜೆರ್ಡನ್ ನಿಧನಾನಂತರ. ಸಿ. ಟಿ. ಬಿಂಗ್‌ಹ್ಯಾಮ್ ಅವುಗಳನ್ನು 1897 ಮತ್ತು 1903ರಲ್ಲಿ ಎರಡು ಸಂಪುಟಗಳಾಗಿ ಹೊರತಂದರು.

ಇತರ ಕೃತಿಗಳು ಮತ್ತು ನಿಧನ

ಗವರ್ನರ್ ಜನರಲ್ ಕ್ಯಾನಿಂಗ್ ಅವರು ಜೆರ್ಡನ್ನರನ್ನು ಕಶೇರುಕಗಳನ್ನು ಕುರಿತ ಕೈಪಿಡಿಗಳ ರಚನೆಗೆ ವಿಶೇಷವಾಗಿ ನಿಯೋಜಿಸಿದರು. ಭಾರತದ ಪಕ್ಷಿಗಳನ್ನು ಕುರಿತ ಗ್ರಂಥ 1862–64ರಲ್ಲಿಯೂ ಸಸ್ತನಿಗಳನ್ನು ಕುರಿತ ಗ್ರಂಥ 1867ರಲ್ಲಿಯೂ ಪ್ರಕಟವಾದವು. ಇವರ ಹೆಸರನ್ನು ಹೊತ್ತ ಜೆರ್ಡನ್ ಕೋರ್ಸರ್ ಹಕ್ಕಿ ಅಳಿದಿದೆಯೆಂದು ಬಹುಕಾಲ ನಂಬಲಾಗಿತ್ತು. 1986ರಲ್ಲಿ ಅದು ಆಂಧ್ರಪ್ರದೇಶದ ಕಡಪಾ ಜಿಲ್ಲೆಯಲ್ಲಿ ಮತ್ತೆ ಕಂಡುಬಂದಿತು. ಜೆರ್ಡನ್ 1872ರಲ್ಲಿ ಲಂಡನ್ನಿನ ಅಪ್ಪರ್ ನಾರ್‌ವುಡ್‌ನಲ್ಲಿ ನಿಧನರಾದರು.