ಕಿಟ್ಟೆಲ್ ಸಾಹೇಬ್ರೂ ನಮ್ಮ ‘ಹ್ಯಾವಿಂಗ್’ ಇಂಗ್ಲಿಷೂ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಗೆ ಎರಡು ದಿನ ಪ್ಲೇಸ್‌ಮೆಂಟ್ ಟ್ರೇನಿಂಗ್ ಇತ್ತು. ಮಾಕ್ ಇಂಟರ್‌ವ್ಯೂನಲ್ಲಿ ನಮ್ಮ ಗೆಳೆಯನೊಬ್ಬ ತನ್ನ ಪರಿಚಯ ಹೇಳ್ಕೊಳ್ತಾ ‘ಐ ಆಮ್ ಹ್ಯಾವಿಂಗ್ ಒನ್ ಸಿಸ್ಟರ್’ ಅಂದ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂನಲ್ಲಿ ಓದಿದವನು. ಇಡೀ ಕ್ಲಾಸ್ ನಕ್ಕಿತು, ನಾವೂ ನಕ್ವಿ. ಆಮೇಲೆ ಎರಡೂ ದಿನ ಅವನು ಬಾಯಿ ಬಿಡಲಿಲ್ಲ. ಕೋಡಿಂಗ್‌ನಲ್ಲಿ ನಮ್ಮೆಲ್ಲರಿಗಿಂತ ಮುಂದಿರೋ ಹುಡುಗ ಅವನು.

ಅದೇ ವಾರ ಕನ್ನಡ ಸಂಘಕ್ಕೆ ನಾವೊಂದು ಲೇಖನ ಕೊಟ್ವಿ. ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂನಲ್ಲೇ ಬೆಳೆದವರು ನಾವು. ಅದರಲ್ಲಿ ‘ನಾನು ಒಂದು ತಂಗಿಯನ್ನು ಹೊಂದಿದ್ದೇನೆ’ ಅಂತ ಬರೆದಿದ್ವಿ. ಅದನ್ನ ತಿದ್ದಿದವನು ಅದೇ ಗೆಳೆಯ. ‘ನನಗೆ ಒಬ್ಬಳು ತಂಗಿ ಇದ್ದಾಳೆ’ ಅಂತ ಮೇಲೆ ಬರೆದು, ಏನೂ ಹೇಳದೆ, ನಗದೆ ವಾಪಸ್ ಕೊಟ್ಟ.

ಅವನು ಕನ್ನಡದ ಪ್ಯಾಟರ್ನ್‌ನಲ್ಲಿ ಇಂಗ್ಲಿಷ್ ಮಾತಾಡಿದ್ದ, ನಾವು ಇಂಗ್ಲಿಷ್ ಪ್ಯಾಟರ್ನ್‌ನಲ್ಲಿ ಕನ್ನಡ ಬರೆದಿದ್ವಿ. ತಪ್ಪು ಒಂದೇ, ನಗು ಮಾತ್ರ ಒಂದೇ ಕಡೆ ಬಿತ್ತು. ಈ ಎರಡು ಪ್ಯಾಟರ್ನ್‌ಗಳ ನಡುವೆ ಜೀವಮಾನವಿಡೀ ಓಡಾಡಿದ ಒಬ್ಬರು ನಮ್ಗೆ ನೆನಪಾಗಿದ್ದು ಆಗಲೇ. ಅವರ ಕತೆಯನ್ನೇ ಈ ಸಲ ಬರೀತಿದೀವಿ. ಅವರಿಗೆ ಕನ್ನಡವೂ ಮಾತೃಭಾಷೆಯಲ್ಲ, ಇಂಗ್ಲಿಷೂ ಅಲ್ಲ. ಹೆಸರು ಫರ್ಡಿನಾಂಡ್ ಕಿಟ್ಟೆಲ್.

ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ವಾಯವ್ಯ ತುದಿಯ ಈಸ್ಟ್ ಫ್ರೀಸಿಯಾ ಪ್ರದೇಶದ ರೆಸ್ಟರ್‌ಹಾಫೆ ಅನ್ನೋ ಹಳ್ಳಿಯಲ್ಲಿ. ತಂದೆ ಪಾದ್ರಿ. ಕಾಕತಾಳೀಯ ಅಂದ್ರೆ, ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ ಅಚ್ಚಾಗಿದ್ದೂ ಅದೇ 1832ರಲ್ಲಿ. ಆ ನಿಘಂಟನ್ನ ಮೀರಿಸೋ ಕೆಲಸ ಮಾಡುವ ಮಗು, ಕನ್ನಡ ಅನ್ನೋ ಹೆಸರೂ ಕೇಳಿರದ ಊರಲ್ಲಿ ತೊಟ್ಟಿಲಲ್ಲಿತ್ತು.

ಹುಡುಗ ಶಾಲೆಯಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತ. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ ಸೇರಿದ. ಮೂರು ವರ್ಷದ ತರಬೇತಿ ಮುಗಿಸಿ 1853ರಲ್ಲಿ ಧಾರವಾಡಕ್ಕೆ ಬಂದಾಗ ವಯಸ್ಸು 21. ಅಂದ್ರೆ ಹೆಚ್ಚುಕಮ್ಮಿ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು.

ಬಂದಿದ್ದು ಧರ್ಮ ಪ್ರಚಾರಕ್ಕೆ, ಅದನ್ನ ಮುಚ್ಚಿಡೋದೇನಿಲ್ಲ. ಆದ್ರೆ ಭಾಷೆ ಅವರನ್ನ ಹಿಡ್ಕೊಂಡ್ಬಿಡ್ತು. ಧಾರವಾಡ, ಮಂಗಳೂರು, ಮಡಿಕೇರಿ ಹೀಗೆ ಇದ್ದ ಕಡೆಯೆಲ್ಲ ಜನರ ಮಾತು ಕೇಳಿದ್ರು, ಹಳೆಯ ಕಾವ್ಯ ಓದಿದ್ರು, ಪಂಡಿತರ ಹತ್ತಿರ ಕೂತು ಕಲಿತ್ರು. 1862ರಲ್ಲಿ ಯೇಸುವಿನ ಜೀವನವನ್ನ ಕನ್ನಡ ಪದ್ಯದಲ್ಲೇ ಬರೆದು ‘ಕಥಾಮಾಲೆ’ ಅಂತ ಪ್ರಕಟಿಸಿದ್ರು. ಬೇರೆ ಭಾಷೆಯ ಛಂದಸ್ಸಲ್ಲಿ ಪದ್ಯ ಬರೆಯೋಕೆ ಆ ಭಾಷೆ ಕಿವಿಯೊಳಗೆ ಇಳಿದಿರಬೇಕು. ನಮ್ಗೆ ಒಂದು ರಜಾ ಚೀಟಿ ಕನ್ನಡದಲ್ಲಿ ಬರೆಯೋಕೆ ಕಷ್ಟ.

ಮನೆಯ ಬದುಕು ಸುಲಭ ಇರ್ಲಿಲ್ಲ. ಹೆಂಡತಿ ಪೌಲೀನ್ 1864ರಲ್ಲಿ ತೀರಿಕೊಂಡ್ರು. ಮುಂದೆ ಆಕೆಯ ಸಹೋದರಿ ಜೂಲಿಯನ್ನ ಮದುವೆಯಾದ್ರು. ಕೆಲಸ ಮಾತ್ರ ನಿಲ್ಲಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ 13ನೇ ಶತಮಾನದ ವ್ಯಾಕರಣ. ಅದನ್ನ ಸಂಪಾದಿಸಿ 1872ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದ್ರು. 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನ ತಂದ್ರು. ಓಲೆಗರಿಯಲ್ಲಿದ್ದ ವ್ಯಾಕರಣ, ಛಂದಸ್ಸು ಹೀಗೆ ಪುಸ್ತಕವಾಗಿ ಕೈಗೆ ಸಿಗೋ ಹಾಗಾಯ್ತು.

ಆಮೇಲೆ ಶುರುವಾಗಿದ್ದು ದೊಡ್ಡ ಪ್ರಾಜೆಕ್ಟು, ಕನ್ನಡ-ಇಂಗ್ಲಿಷ್ ನಿಘಂಟು. 1877ರಲ್ಲಿ ಜರ್ಮನಿಗೆ ಹೋದ್ರು, ನಿಘಂಟಿಗಾಗಿಯೇ 1883ರಲ್ಲಿ ವಾಪಸ್ ಬಂದ್ರು, 1892ರವರೆಗೆ ಇಲ್ಲೇ ಇದ್ರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್‌ನಿಂದ ನಿಘಂಟು ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಕಂಪ್ಯೂಟರ್ ಇಲ್ಲ, ಸರ್ಚ್ ಇಲ್ಲ, ಸಾರ್ಟ್ ಮಾಡೋಕೆ ಕೋಡ್ ಇಲ್ಲ. ಬರೀ ಅರ್ಥ ಅಲ್ಲ, ಪದ ಯಾವ ಕಾವ್ಯದಲ್ಲಿ ಬಂದಿದೆ, ಯಾವ ಗಾದೆಯಲ್ಲಿ ಇದೆ, ತಮಿಳು, ತೆಲುಗು, ತುಳುವಿನಲ್ಲಿ ಅದರ ನೆಂಟರು ಯಾರು ಅನ್ನೋದೂ ಇದೆ. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು.

ಅಷ್ಟಕ್ಕೇ ಸುಮ್ಮನಾಗಬಹುದಿತ್ತು. ಆದ್ರೆ 1903ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಇಂಗ್ಲಿಷಿನಲ್ಲಿ ಬರೆದ ಕನ್ನಡ ವ್ಯಾಕರಣ ಪ್ರಕಟಿಸಿದ್ರು. ಕೇಶಿರಾಜನ ಸೂತ್ರಗಳನ್ನೇ ಬುನಾದಿ ಮಾಡ್ಕೊಂಡು ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರನ್ನೂ ವಿವರಿಸುವ ಪುಸ್ತಕ ಅದು. ಅದೇ ವರ್ಷ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ತೀರಿಕೊಂಡ್ರು.

ಜರ್ಮನ್ ಮನುಷ್ಯ ಇಂಗ್ಲಿಷ್‌ನಲ್ಲಿ ಕನ್ನಡ ವಿವರಿಸೋದು ಎಂಥ ಕೆಲಸ ಅಂತ ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಬೇಗ ಅರ್ಥ ಆಗತ್ತೆ. ‘ರವಿ ರೆಡ್ ಎ ಬುಕ್’ ಅನ್ನೋದು ಇನ್‌ಫಿಕ್ಸ್, ಆಪರೇಟರ್ ಮಧ್ಯದಲ್ಲಿ. ‘ರವಿ ಪುಸ್ತಕ ಓದಿದ’ ಅನ್ನೋದು ಪೋಸ್ಟ್‌ಫಿಕ್ಸ್, ಆಪರೇಟರ್ ಕೊನೆಯಲ್ಲಿ. ‘ಇನ್ ದ ಹೌಸ್’ನಲ್ಲಿ ‘ಇನ್’ ಮೊದಲು ಬಂದ್ರೆ, ‘ಮನೆಯಲ್ಲಿ’ ಅನ್ನೋದ್ರಲ್ಲಿ ‘ಅಲ್ಲಿ’ ಹಿಂದೆ ಅಂಟ್ಕೊಳ್ಳತ್ತೆ. ಎರಡೂ ಸರಿಯಾದ ಸಿಂಟ್ಯಾಕ್ಸೇ. ಒಂದನ್ನ ಇನ್ನೊಂದರ ಕಂಪೈಲರ್‌ಗೆ ಹಾಕಿದ್ರೆ ಎರರ್ ಬರತ್ತೆ, ಅಷ್ಟೇ.

‘ಹ್ಯಾವಿಂಗ್’ ಕತೆಯೂ ಅದೇ. ತಂಗಿ ಇರೋದನ್ನ ಹೇಳೋಕೆ ಇಂಗ್ಲಿಷ್‌ಗೆ ‘ಹ್ಯಾವ್’ ಬೇಕು. ಕನ್ನಡದ ಆಡುಮಾತಿಗೆ ಬೇಡ, ‘ನನಗೆ’ ಮತ್ತು ‘ಇದ್ದಾಳೆ’ ಸಾಕು. ಅದೇ ‘ಇದ್ದಾಳೆ’ ನಮ್ಮಲ್ಲಿ ‘ಓದ್ತಾ ಇದ್ದಾಳೆ’ ಅನ್ನೋದಕ್ಕೂ ಬರತ್ತೆ. ಇಂಗ್ಲಿಷ್‌ನಲ್ಲಿ ಓದೋ ಕೆಲಸಕ್ಕೆ ‘ಇಂಗ್’ ಹಚ್ಚಬಹುದು, ತಂಗಿ ಇರೋ ಸ್ಥಿತಿಗೆ ಹಚ್ಚೋ ಹಾಗಿಲ್ಲ. ಎರಡು ಕಡೆ ಒಂದೇ ‘ಇರು’ ಕೇಳಿ ಬೆಳೆದ ಕಿವಿ, ಎರಡು ಕಡೆಯೂ ‘ಇಂಗ್’ ಹಚ್ಚಿದ್ರೆ ಅದು ದಡ್ಡತನ ಅಲ್ಲ, ಒಂದು ಲಾಜಿಕ್ಕು. ತಿದ್ಕೋಬೇಕು ನಿಜ, ಇಂಟರ್‌ವ್ಯೂನಲ್ಲಿ ಕೂತೋರು ಈ ಲಾಜಿಕ್ ಕೇಳಲ್ಲ. ಆದ್ರೆ ತಿದ್ಕೊಳ್ಳೋಕೆ ತಲೆ ತಗ್ಗಿಸಬೇಕಾಗಿಲ್ಲ.

21ನೇ ವಯಸ್ಸಲ್ಲಿ ಧಾರವಾಡದ ಬೀದಿಯಲ್ಲಿ ಮೊದಲ ಸಲ ಕನ್ನಡ ಮಾತಾಡಿದಾಗ ಕಿಟ್ಟೆಲ್ ಕೂಡ ತಪ್ಪು ಮಾಡಿರಲೇಬೇಕು. ಕೇಳಿದ ಜನ ಅವರನ್ನ ಬಾಯಿ ಮುಚ್ಚಿಸಿದ್ದಿದ್ರೆ ಆ 70,000 ಪದ ಎಲ್ಲಿರ್ತಿತ್ತು?

ಈಗ ಎಂ.ಜಿ. ರಸ್ತೆಯಲ್ಲಿ ಕಿಟ್ಟೆಲ್ ಪ್ರತಿಮೆ ಇದೆ, ಧಾರವಾಡದಲ್ಲಿ ಅವರ ಹೆಸರಿನ ಕಾಲೇಜಿದೆ. ನಮ್ಮ ಎಲೆಕ್ಟ್ರಾನಿಕ್ ಸಿಟಿ ಕಡೆ ಅವರ ಗುರುತು ಏನೂ ಕಾಣಲ್ಲ. ಆದ್ರೆ ಇಲ್ಲಿನ ಒಂದೊಂದು ಆಫೀಸಿನಲ್ಲೂ ಕನ್ನಡದಲ್ಲಿ ಯೋಚಿಸಿ ಇಂಗ್ಲಿಷ್‌ನಲ್ಲಿ ಮೇಲ್ ಬರೆಯೋರು, ಇಂಗ್ಲಿಷ್‌ನಲ್ಲಿ ಯೋಚಿಸಿ ಮನೆಗೆ ಕನ್ನಡದಲ್ಲಿ ಫೋನ್ ಮಾಡೋರು ಇದಾರೆ. ಅವರು ಓಡಾಡಿದ ದಾರಿಯಲ್ಲೇ ನಾವೂ ಓಡಾಡ್ತಿದೀವಿ.

ಗೆಳೆಯನ ಹತ್ತಿರ ಹೋಗಿ ನಾವು ಸಾರಿ ಕೇಳಿದ್ವಿ. ಈಗ ವಾರಕ್ಕೊಂದು ಸಂಜೆ ಹಾಸ್ಟೆಲ್ ಟೆರೇಸಿನಲ್ಲಿ ಕೂರ್ತೀವಿ. ಅರ್ಧ ಗಂಟೆ ಅವನ ಇಂಗ್ಲಿಷ್, ಅರ್ಧ ಗಂಟೆ ನಮ್ಮ ಕನ್ನಡ. ಈ ಲೇಖನವನ್ನೂ ಅವನೇ ತಿದ್ದಿದ. ಎಷ್ಟು ಕಡೆ ಅಂತ ಮಾತ್ರ ಕೇಳ್ಬೇಡಿ.